‘ಅದ್ಯಾಕೋ ಸರಿ ಬರ್ತಿಲ್ಲ’ ಅನ್ನೋ ದನಿ

ಒಂದು ಸಾಲು, ಒಂದು ಟ್ಯೂನು, ಒಂದು ಚಿತ್ರದ ಐಡಿಯಾ ಸಿಕ್ಕಾಗ ನಾವು ‘ನನಗೆ ಹೊಳೀತು’ ಅಂತೀವಿ, ‘ತೋಚ್ತು’ ಅಂತೀವಿ. ‘ನಾನು ಹೊಳೆಸಿದೆ’ ಅಂತ ಯಾರೂ ಹೇಳಲ್ಲ. ಅಂದ್ರೆ ವ್ಯಾಕರಣನೇ ನಮ್ಮನ್ನ ಪಕ್ಕಕ್ಕೆ ಸರಿಸಿ ಕೂರಿಸಿದೆ, ಹೊಳೆಯೋ ಕೆಲಸ ಯಾರದೋ, ನಾವು ಬರೀ ಅಡ್ರೆಸ್ಸು, ಪಾರ್ಸಲ್ ಬಂತು ಸೈನ್ ಮಾಡಿ ತಗೊಂಡ್ವಿ ಅನ್ನೋ ಥರ. ಅಂತಃಸ್ಫುರಣೆ, ಒಳನೋಟ, ಸ್ಫೂರ್ತಿ ಹೀಗೆ ದೊಡ್ಡ ದೊಡ್ಡ ಪದಗಳಲ್ಲಿ ಮಾತಾಡೋವಾಗಲೂ ನಮ್ಮ ತಲೇಲಿರೋ ಚಿತ್ರ ಇದೇನೇ. ಮೊದಲು ಮಿಂಚು, ಆಮೇಲೆ ಬರೀ ಕೂಲಿ ಕೆಲಸ.

ಈಗ ಈ ವಿಷಯ ಯಾಕೆ ಅಂದ್ರೆ, ಚಿತ್ರ ಬರೆಯೋ ಹಾಡು ಕಟ್ಟೋ ಎಐ ಬಂದಮೇಲೆ ಈ ಹಳೇ ಚಿತ್ರಕ್ಕೆ ಹೊಸ ಜೀವ ಬಂದುಬಿಟ್ಟಿದೆ. ಒಂದು ಕಡೆಯವರು ಹೇಳೋದು, ಕೈಕೆಲಸ ಎಲ್ಲ ಮೆಷಿನ್ ಮಾಡ್ಕೊಳ್ಳಲಿ ಬಿಡಿ, ಅಂತಃಸ್ಫುರಣೆ ಮಾತ್ರ ಮನುಷ್ಯರದ್ದು, ಅದನ್ನ ಯಾರೂ ಕಿತ್ಕೊಳ್ಳಕ್ಕಾಗಲ್ಲ ಅಂತ. ಇನ್ನೊಂದು ಕಡೆಯವರು, ಅಯ್ಯೋ ಬಿಡಿ ಸಾರ್, ಅಂತಃಸ್ಫುರಣೆ ಅಂದ್ರೆ ಪ್ಯಾಟರ್ನ್ ಗುರುತಿಸೋದು ಅಷ್ಟೇ, ಅದನ್ನ ಮೆಷಿನ್ ನಮಗಿಂತ ಚೆನ್ನಾಗಿ ಮಾಡುತ್ತೆ ಅಂತಾರೆ. ಇಬ್ಬರೂ ಜೋರಾಗಿ ಜಗಳ ಆಡ್ತಾರೆ, ಆದ್ರೆ ಗಮನಿಸಿ, ಇಬ್ಬರೂ ಅಂತಃಸ್ಫುರಣೆ ಅಂದ್ರೆ ಕೆಲಸ ಶುರುವಾಗೋ ಮುಂಚೆ ಹತ್ಕೊಳ್ಳೋ ಬಲ್ಬು ಅಂತಲೇ ನಂಬಿದಾರೆ. ನನಗೆ ಅನ್ಸೋದು ಇಬ್ಬರೂ ತಪ್ಪು ಜಾಗದಲ್ಲಿ ಹುಡುಕ್ತಿದಾರೆ. ಕಲೆ ಮಾಡೋರ ಕೆಲಸದ ದಾಖಲೆ ತೆಗೆದು ನೋಡಿದ್ರೆ ಒಳಮನಸ್ಸು ಹೆಚ್ಚಾಗಿ ‘ಇದು!’ ಅಂತ ಕೂಗಲ್ಲ, ‘ಇದಲ್ಲ’ ಅಂತ ಗೊಣಗುತ್ತೆ. ಬರೆಯೋರು, ಹಾಡೋರು, ಫಿಲ್ಮ್ ಎಡಿಟ್ ಮಾಡೋರು ಎಲ್ಲರ ಬಾಯಲ್ಲೂ ಬರೋ ಮಾತು ಒಂದೇ, ‘ಅದ್ಯಾಕೋ ಸರಿ ಬರ್ತಿಲ್ಲ’. ಆ ‘ಅದ್ಯಾಕೋ’ ಇದೆಯಲ್ಲ, ಕಾರಣ ಗೊತ್ತಾಗೋಕೆ ಮುಂಚೆನೇ ತೀರ್ಪು ಬಂದುಬಿಟ್ಟಿರುತ್ತಲ್ಲ, ನಾನು ಈ ಲೇಖನದಲ್ಲಿ ಅಂತಃಸ್ಫುರಣೆ ಅಂತ ಕರೀತಿರೋದು ಅದನ್ನೇ.

ಮೊದಲು ಒಂದಷ್ಟು ಹಳೇ ಕಥೆಗಳನ್ನ ಕ್ಲೀನ್ ಮಾಡ್ಬೇಕು. ಮೊಜಾರ್ಟ್ ಬಗ್ಗೆ ನೀವೂ ಕೇಳಿರ್ತೀರ, ಇಡೀ ಸಂಗೀತ ತಲೇಲಿ ಒಂದೇ ಸಲಕ್ಕೆ ಪೂರ್ತಿ ಚಿತ್ರದ ಥರ ಕಾಣ್ತಿತ್ತಂತೆ, ಅದನ್ನ ಹಾಳೆಗೆ ಕಾಪಿ ಮಾಡೋದಷ್ಟೇ ಬಾಕಿ ಇರ್ತಿತ್ತಂತೆ, ಅದನ್ನ ಆತನೇ ಪತ್ರದಲ್ಲಿ ಬರ್ಕೊಂಡಿದಾನಂತೆ. ಆ ಪತ್ರ ಮೊದಲು ಅಚ್ಚಾಗಿದ್ದು 1815ರಲ್ಲಿ, ರೋಖ್ಲಿಟ್ಸ್ ಅನ್ನೋ ಸಂಪಾದಕನ ಕೈಯಿಂದ. ಮೊಜಾರ್ಟ್ ತೀರ್ಕೊಂಡಿದ್ದು 1791ರಲ್ಲಿ. ಪತ್ರ ನಕಲಿ ಅಂತ ಸಂಗೀತ ಇತಿಹಾಸದವರು ಯಾವತ್ತೋ ತೀರ್ಮಾನ ಮಾಡಿ ಆಗಿದೆ, ಆದ್ರೂ ಸ್ಫೂರ್ತಿ ಬಗ್ಗೆ ಭಾಷಣ ಮಾಡೋರು ಅದನ್ನ ಬಿಟ್ಟಿಲ್ಲ. ನಿಜವಾಗಲೂ ಆತನೇ ಬರೆದದ್ದು ಬೇಕು ಅಂದ್ರೆ 1785ರಲ್ಲಿ ಹಿರಿಯ ಸಂಗೀತಗಾರ ಹೈಡನ್‌ಗೆ ಆರು ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳಿಗೆ ಬರೆದ ಸಂಗೀತ) ಅರ್ಪಿಸುವಾಗ ಬರೆದ ಸಾಲಿದೆ, ಇವು ದೀರ್ಘವಾದ ಕಷ್ಟದ ದುಡಿಮೆಯ ಫಲ ಅಂತ. ಆ ಕ್ವಾರ್ಟೆಟ್‌ಗಳ ಹಸ್ತಪ್ರತಿ ತುಂಬ ಹೊಡೆದು ಹಾಕಿದ, ತಿದ್ದಿದ ಗುರುತುಗಳಿವೆ. ಹೊಡೆದು ಹಾಕಿದ ಗುರುತು ಅಂದ್ರೆ ಏನು, ‘ಅದ್ಯಾಕೋ ಸರಿ ಬರ್ತಿಲ್ಲ’ ಅನ್ನೋದರ ಇಂಕಿನ ರೂಪ.

ಕೋಲ್‌ರಿಜ್ ಕನಸಲ್ಲಿ ‘ಕುಬ್ಲಾ ಖಾನ್’ ಅನ್ನೋ ಇಂಗ್ಲಿಷ್ ಕವಿತೆ ಕಂಡ ಕಥೆನೂ ಹಂಗೇ. ಅಫೀಮಿನ ಮಂಪರಲ್ಲಿ ಇನ್ನೂರು ಮುನ್ನೂರು ಸಾಲು ತಾನಾಗೇ ಬಂತು, ಬರೀತಾ ಇದ್ದಾಗ ಯಾರೋ ಬಂದು ಬಾಗಿಲು ತಟ್ಟಿದ್ರು, ಉಳಿದದ್ದು ಮರ್ತೇಹೋಯ್ತು ಅಂತ 1816ರಲ್ಲಿ ಕವಿತೆ ಪ್ರಕಟಿಸುವಾಗ ಮುನ್ನುಡಿ ಬರೆದ. ಆಮೇಲೆ ಸಿಕ್ಕ ಆತನದ್ದೇ ಕೈಬರಹದ ಪ್ರತಿಯಲ್ಲಿ ಕೆಲವು ಪದಗಳು ಬೇರೆ ಇವೆ, ಅಂದ್ರೆ ಮಧ್ಯದಲ್ಲೆಲ್ಲೋ ಕೂತು ತಿದ್ದಿದಾನೆ. ಇನ್ನು ಕೆರೊವಾಕ್ 1951ರಲ್ಲಿ ಮೂರೇ ವಾರದಲ್ಲಿ ಹಾಳೆ ಅಂಟಿಸಿ ಅಂಟಿಸಿ ಮಾಡಿದ ಉದ್ದನೇ ಸುರುಳಿ ಮೇಲೆ ‘ಆನ್ ದ ರೋಡ್’ ಕಾದಂಬರಿ ಟೈಪ್ ಮಾಡಿದ್ದು ನಿಜ, ಆದ್ರೆ ಅದಕ್ಕೂ ಮುಂಚೆ ವರ್ಷಗಟ್ಟಲೆ ನೋಟ್‌ಬುಕ್ ತುಂಬಿಸಿದ್ದ, ಬಿಟ್ಟುಬಿಟ್ಟ ಡ್ರಾಫ್ಟ್‌ಗಳಿದ್ವು, ಪುಸ್ತಕ ಬಂದಿದ್ದು 1957ರಲ್ಲಿ. ಇಂಥ ಕಥೆ ನಮಗೆ ಯಾಕೆ ಇಷ್ಟ ಅಂತ ಯೋಚಿಸಿದೀನಿ. ಮೂರು ವಾರದ ಕಥೆ ನಂಬಿದ್ರೆ ನಮಗೆ ಆಗದೇ ಇರೋದಕ್ಕೆ ಒಂದು ಒಳ್ಳೇ ನೆಪ ಸಿಗುತ್ತೆ, ಅವರಿಗೆ ಹೊಳೀತು ನಮಗೆ ಹೊಳೀಲಿಲ್ಲ ಮುಗೀತು. ಮಾಡಿದವರಿಗೂ ಅನುಕೂಲವೇ, ಬೆವರು ಕಾಣಿಸ್ಬಾರದು ಅನ್ನೋದು ಸ್ಟೇಜಿನ ಹಳೇ ಚಾಳಿ.

ಹಂಗಂತ ಹೊಳೆಯೋದೇ ಇಲ್ಲ, ಎಲ್ಲ ಗಾಳಿಸುದ್ದಿ ಅಂತಲ್ಲ. ಪಾಲ್ ಮೆಕಾರ್ಟ್ನಿಗೆ ‘ಯೆಸ್ಟರ್‌ಡೇ’ ಹಾಡಿನ ಟ್ಯೂನು ಕನಸಲ್ಲೇ ಬಂತು. ಆದ್ರೆ ಆಮೇಲೆ ಆತ ಏನು ಮಾಡಿದ ಅನ್ನೋದನ್ನ ನೋಡಿ. ಇದು ಎಲ್ಲೋ ಕೇಳಿದ ಹಾಡಿರ್ಬೇಕು, ನಂದಲ್ಲ ಅಂತ ಅನುಮಾನ ಬಂದು ವಾರಗಟ್ಟಲೆ ಸಿಕ್ಕಸಿಕ್ಕವರ ಹತ್ರ ಹಾಡಿ ತೋರಿಸಿ ಇದು ಗೊತ್ತಾ ಗೊತ್ತಾ ಅಂತ ಕೇಳಿದ್ದಾನೆ. ಸಾಹಿತ್ಯ ಸಿಗದೆ ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಅಂತ ಡಮ್ಮಿ ಪದ ತುಂಬಿ ತಿಂಗಳುಗಟ್ಟಲೆ ಓಡಾಡಿದ್ದಾನೆ. ಆ ಡಮ್ಮಿ ಪದ ಮಾತ್ರೆಗೆ ಸರಿಯಾಗಿ ಕೂರ್ತಿತ್ತು, ಬೇಕಿದ್ರೆ ಅದನ್ನೇ ಇಟ್ಕೊಂಡು ತಮಾಷೆ ಹಾಡು ಮಾಡಬಹುದಿತ್ತು, ಮಾಡ್ಲಿಲ್ಲ. ಕನಸು ಕೊಟ್ಟಿದ್ದು ಟ್ಯೂನು. ಅದರ ಮೇಲೆ ಯಾವ ಪದ ಕೂರಬಾರದು ಅಂತ ಅಷ್ಟು ತಿಂಗಳು ಕಾಯಿಸಿದ್ದು ಬೇರೆ ಏನೋ.

ಈ ‘ಬೇರೆ ಏನೋ’ ಬಗ್ಗೆ ನನಗೆ ಗೊತ್ತಿರೋ ಹಾಗೆ ಅತ್ಯಂತ ಚೆನ್ನಾಗಿ ಮಾತಾಡಿದ್ದು ಕವಿಯಲ್ಲ, ಗಣಿತದ ಮನುಷ್ಯ, ಆನ್ರಿ ಪ್ವಾಂಕರೆ. 1908ರಲ್ಲಿ ಗಣಿತದ ಸೃಷ್ಟಿ ಬಗ್ಗೆ ಬರೀತಾ ತನ್ನ ಅನುಭವ ಹೇಳ್ತಾನೆ, ಪ್ರವಾಸ ಹೊರಟಿದ್ದಾಗ ಕುದುರೆಬಂಡಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಅದಕ್ಕೂ ಮುಂಚೆ ಒದ್ದಾಡ್ತಿದ್ದ ಗಣಿತದ ಬಗ್ಗೆ ಒಂದು ದೊಡ್ಡ ಹೊಳಹು ಬಂತು ಅಂತ. ಎಲ್ಲರೂ ಆ ಮೆಟ್ಟಿಲನ್ನ ಮಾತ್ರ ಕೋಟ್ ಮಾಡ್ತಾರೆ. ಅದರ ಮುಂದೆ ಬರೋ ವಾದ ಇದೆಯಲ್ಲ ಅದು ಇನ್ನೂ ದೊಡ್ಡದು. ಆತ ಹೇಳೋದು ಏನಂದ್ರೆ, ಜೋಡಣೆಗಳನ್ನ ಹುಟ್ಟಿಸೋದು ದೊಡ್ಡ ವಿಷಯವೇ ಅಲ್ಲ, ಎಷ್ಟು ಬೇಕಾದ್ರೂ ಹುಟ್ಟಿಸಬಹುದು, ಅದರಲ್ಲಿ ಮುಕ್ಕಾಲು ಪಾಲು ಯಾವ ಕೆಲಸಕ್ಕೂ ಬಾರದವು. ಸೃಷ್ಟಿ ಅಂದ್ರೆ ಆ ಕೆಲಸಕ್ಕೆ ಬಾರದವುಗಳನ್ನ ಮುಟ್ಟದೇ ಇರೋದು. ಗೊತ್ತಿಲ್ಲದ ಹಾಗೆ ಮನಸ್ಸಿನೊಳಗೆ ಒಂದು ಜರಡಿ ಕೆಲಸ ಮಾಡ್ತಿರುತ್ತೆ, ಆ ಜರಡಿ ತರ್ಕದ್ದಲ್ಲ, ಸೌಂದರ್ಯಪ್ರಜ್ಞೆಯದ್ದು, ಚೆಂದ ಅನ್ಸಿದ್ದನ್ನ ಮಾತ್ರ ಅದು ಮೇಲಕ್ಕೆ ಬಿಡುತ್ತೆ. ಜೊತೆಗೆ ಇನ್ನೊಂದು ಷರತ್ತೂ ಹಾಕ್ತಾನೆ, ಹೀಗೆ ದಿಢೀರ್ ಅಂತ ಹೊಳೆಯೋದು ಮುಂಚೆ ಕೆಲವು ದಿನ ಬೇಕು ಅಂತ ಕೂತು ಒದ್ದಾಡಿದ ಮೇಲೆ ಮಾತ್ರ, ಆ ಒದ್ದಾಟ ಆಗ ದಂಡ ಅನ್ಸಿದ್ರೂ ಸರಿ.

ನಮ್ಮ ಹಳೇ ಕಾವ್ಯಮೀಮಾಂಸೆಯವರು ಇದನ್ನ ಬೇರೆ ದಾರಿಯಿಂದ ಮುಟ್ಟಿದ್ರು. ಅವರ ಪದ ಪ್ರತಿಭೆ. ಇವತ್ತು ನಾವು ‘ಪ್ರತಿಭಾನ್ವಿತ’ ಅಂತ ಸರ್ಟಿಫಿಕೇಟ್ ಭಾಷೆಯಲ್ಲಿ ಬಳಸಿ ಬಳಸಿ ಸವೆಸಿಬಿಟ್ಟಿದೀವಿ, ಆದ್ರೆ ಮೂಲದಲ್ಲಿ ಅದು ಹೊಸ ಹೊಸದಾಗಿ ಅರಳ್ತಾ ಹೋಗೋ ಪ್ರಜ್ಞೆ. ರಾಜಶೇಖರ ಅದನ್ನ ಎರಡು ಮಾಡಿದ, ಕಾರಯಿತ್ರಿ ಮತ್ತು ಭಾವಯಿತ್ರಿ, ಒಂದು ಮಾಡಿಸೋ ಪ್ರತಿಭೆ, ಕವಿಯದ್ದು, ಇನ್ನೊಂದು ಸವಿದು ತೂಗೋ ಪ್ರತಿಭೆ, ಓದುಗ ವಿಮರ್ಶಕನದ್ದು. ಮಮ್ಮಟ ಬಂದು ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಸೇರಿ ಒಂದೇ ಕಾರಣ ಅಂದ, ಮೂರು ಬೇರೆ ಬೇರೆ ಕಾರಣ ಅಲ್ಲ ಅಂತ ಒತ್ತಿ ಹೇಳಿದ. ನನ್ನ ಲೆಕ್ಕದಲ್ಲಿ ಭಾವಯಿತ್ರಿ ಬರೀ ಓದುಗನ ಹತ್ರ ಇರಲ್ಲ, ಬರೆಯೋ ಮೇಜಿನ ಹತ್ರನೇ ಕೂತಿರುತ್ತೆ, ಮಾಡೋ ಕೈ ಒಂದು ಸಾಲು ಹಾಕುತ್ತೆ ತೂಗೋ ಕಿವಿ ಬೇಡ ಅನ್ನುತ್ತೆ. ವಾಲ್ಮೀಕಿ ಕಥೇಲಿ ಇದು ಎಷ್ಟು ಚೆನ್ನಾಗಿದೆ ನೋಡಿ, ಕ್ರೌಂಚ ಪಕ್ಷಿ ಸತ್ತಿದ್ದು ನೋಡಿ ಶಾಪದ ಮಾತು ಬಾಯಿಂದ ಬಂತು, ಅಷ್ಟು ನಮಗೆಲ್ಲ ಗೊತ್ತು, ಶೋಕ ಶ್ಲೋಕ ಆಯ್ತು ಅಂತ ಸ್ಕೂಲಲ್ಲಿ ಓದಿರ್ತೀವಿ. ಆದ್ರೆ ಅದರ ಮರುಕ್ಷಣ ಋಷಿ ಮಾಡೋದೇನು? ಇದೇನಿದು ನಾನು ಆಡಿದ್ದು ಅಂತ ತಾನೇ ಚಕಿತನಾಗಿ, ಪಾದ ಎಣಿಸಿ, ಅಕ್ಷರ ಸಮ ಇದೆ, ವೀಣೆಯ ಲಯಕ್ಕೆ ಕೂರುತ್ತೆ ಅಂತ ಪರೀಕ್ಷೆ ಮಾಡ್ತಾನೆ. ಬಂದದ್ದನ್ನ ತಿರುಗಿ ನೋಡಿದ್ದರಿಂದ ಅದು ಶ್ಲೋಕ ಅಂತ ಗೊತ್ತಾಯ್ತು, ಇಲ್ಲದಿದ್ರೆ ಅದು ಒಬ್ಬರ ಸಿಟ್ಟಿನ ಮಾತಾಗಿ ಗಾಳಿಗೆ ಹೋಗ್ತಿತ್ತು.

ಚಿತ್ರಕಲೆಗೆ ಬಂದ್ರೆ ಈ ‘ಇದಲ್ಲ’ ಕಣ್ಣಿಗೇ ಕಾಣುತ್ತೆ, ಅದಕ್ಕೇ ನನಗೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋ ಆಸೆ. 1935ರಲ್ಲಿ ಮಾತಿಸ್ ಒಂದು ಚಿತ್ರ ಶುರು ಮಾಡಿದ, ಒರಗಿ ಮಲಗಿರೋ ಹೆಂಗಸಿನ ಚಿತ್ರ, ‘ಪಿಂಕ್ ನ್ಯೂಡ್’ ಅಂತ ಹೆಸರಾಗಿದೆ, ದೊಡ್ಡದೇನಲ್ಲ, ಒಂದು ಮೀಟರ್ ಅಗಲನೂ ಇಲ್ಲ. ಮೇ ತಿಂಗಳಲ್ಲಿ ಶುರು, ಮುಗಿದಿದ್ದು ಅಕ್ಟೋಬರ್ ಕೊನೆಗೆ. ಮಧ್ಯೆ ಮಧ್ಯೆ ಫೋಟೋ ತೆಗೆಸಿ ಇಟ್ಟ, ಅಂಥ 22 ಫೋಟೋ ಉಳಿದಿವೆ. ಮೊದಮೊದಲ ಫೋಟೋದಲ್ಲಿ ಮಾಮೂಲಿ ಥರ ಒಂದು ಮೈ, ಮಂಚ, ಹಿಂದೆ ಕುರ್ಚಿ, ಆಳ ಕಾಣೋ ಕೋಣೆ. ಒಂದೊಂದೇ ಫೋಟೋ ಮುಂದೆ ಹೋದ ಹಾಗೆ ಕುರ್ಚಿ ಕರಗುತ್ತೆ, ಕೋಣೆ ಚಪ್ಪಟೆ ಆಗುತ್ತೆ, ತಲೆ ಚಿಕ್ಕದಾಗುತ್ತೆ, ತೋಳು ಬೆಳೆದು ಬೆಳೆದು ಕ್ಯಾನ್ವಾಸಿನ ಅಂಚು ಮುಟ್ಟುತ್ತೆ, ಹಿನ್ನೆಲೆಯೆಲ್ಲ ಚೌಕಳಿ ಆಗುತ್ತೆ. ಪ್ರತಿ ಸಲ ಬಣ್ಣ ಕೆರೆಯೋ ಬದಲು ಆತ ಬಣ್ಣದ ಕಾಗದ ಕತ್ತರಿಸಿ ಕ್ಯಾನ್ವಾಸ್ ಮೇಲೆ ಪಿನ್ ಚುಚ್ಚಿ ಇಟ್ಟು ನೋಡ್ತಿದ್ದ, ಸರಿ ಕಂಡ್ರೆ ಬಣ್ಣ, ಇಲ್ಲ ಅಂದ್ರೆ ಪಿನ್ ಕಿತ್ತು ಸ್ವಲ್ಪ ಪಕ್ಕಕ್ಕೆ. ಕೊನೇ ಚಿತ್ರವನ್ನಷ್ಟೇ ನೋಡಿದವರು ಆಹಾ ಎಷ್ಟು ಸಲೀಸು, ಒಂದೇ ಉಸಿರಲ್ಲಿ ಬರೆದ ಹಾಗಿದೆ, ಇಂಟ್ಯೂಷನ್ ಅಂದ್ರೆ ಇದು ಅಂತಾರೆ. ಹೌದು ಅಂತಃಸ್ಫುರಣೆಯೇ, ಆದ್ರೆ ಆರು ತಿಂಗಳ ಅಂತಃಸ್ಫುರಣೆ, ಪಿನ್ನಿನ ತೂತುಗಳ ಸಮೇತ.

ನನಗೆ ಇದರಲ್ಲಿ ಮುಖ್ಯ ಅನ್ಸೋದು, ಮಾತಿಸನ ಒಂದೊಂದು ‘ಇದಲ್ಲ’ ಕೂಡ ಮುಂದಿನ ಪಿನ್ ಎಲ್ಲಿಗೆ ಅಂತ ಹೇಳ್ತಿತ್ತು. ಬೇಡ ಅನ್ನೋದರ ಒಳಗೇ ಅರ್ಧ ದಾರಿ ಇತ್ತು. ಇದನ್ನ ನೆನಪಿಟ್ಕೊಂಡಿರಿ, ಎಐ ವಿಷಯಕ್ಕೆ ಬಂದಾಗ ಬೇಕಾಗುತ್ತೆ. ಪಿಕಾಸೊನ ‘ಗೆರ್ನಿಕಾ’ದಲ್ಲೂ ಹಿಂಗೇ, ಅದು ಬೆಳೆದ ಹಂತಗಳನ್ನ ಡೋರಾ ಮಾರ್ 1937ರಲ್ಲಿ ಫೋಟೋ ತೆಗೆದಿದಾಳೆ, ಶುರುವಿನಲ್ಲಿ ಮುಷ್ಟಿ ಬಿಗಿದು ಮೇಲೆತ್ತಿದ ಒಂದು ತೋಳಿತ್ತು, ಆಮೇಲೆ ಆ ಮುಷ್ಟಿಗೆ ತೆನೆ ಬಂತು ಹಿಂದೆ ಸೂರ್ಯ ಬಂದ, ಆಮೇಲೆ ಎಲ್ಲ ಮಾಯ. ಘೋಷಣೆ ಕೂಗೋ ತೋಳು ಹೋಗಿದ್ದಕ್ಕೇ ಆ ಚಿತ್ರ ಇವತ್ತಿಗೂ ಪೋಸ್ಟರ್ ಆಗದೆ ಉಳಿದಿದೆ ಅಂತ ನನ್ನ ಅನಿಸಿಕೆ.

ಫಿಲ್ಮ್ ಎಡಿಟಿಂಗಲ್ಲಿ ಇನ್ನೂ ಮಜಾ, ಅಲ್ಲಿ ಅಂತಃಸ್ಫುರಣೆಯನ್ನ ಅಳೆದೇ ನೋಡಬಹುದು. ವಾಲ್ಟರ್ ಮರ್ಚ್ ಅಂತ ಎಡಿಟರ್, ‘ಅಪೊಕಲಿಪ್ಸ್ ನೌ’ ಚಿತ್ರದ ಎಡಿಟಿಂಗಲ್ಲೂ ಸೌಂಡಲ್ಲೂ ಕೆಲಸ ಮಾಡಿದವರು, ನಿಂತ್ಕೊಂಡೇ ಎಡಿಟ್ ಮಾಡೋರು. ಒಂದು ಶಾಟ್ ಎಲ್ಲಿ ಕಟ್ ಆಗ್ಬೇಕು ಅನ್ನೋದಕ್ಕೆ ಅವರ ವಿಧಾನ ಹೀಗೆ, ಶಾಟ್ ಓಡಿಸಿ, ಇಲ್ಲಿ ಅಂತ ಅನ್ಸಿದ ತಕ್ಷಣ ಯೋಚ್ನೆ ಮಾಡದೆ ಬಟನ್ ಒತ್ತಿ ನಿಲ್ಲಿಸೋದು, ಯಾವ ಫ್ರೇಮ್ ಅಂತ ಗುರುತು ಹಾಕ್ಕೊಳ್ಳೋದು. ಆಮೇಲೆ ಹಿಂದಕ್ಕೆ ಹೋಗಿ ಮತ್ತೆ ಅದೇ ಥರ ಒತ್ತೋದು. ಸೆಕೆಂಡಿಗೆ 24 ಫ್ರೇಮ್. ಎರಡೂ ಸಲ ಅದೇ ಫ್ರೇಮ್ ಮೇಲೆ ಬೆರಳು ಬಿದ್ರೆ ಕಟ್ ಅಲ್ಲೇ. ಒಂದೊಂದು ಸಲ ಒಂದೊಂದು ಕಡೆ ಬಿದ್ರೆ ಏನೋ ತಪ್ಪಿದೆ ಅಂತ ಅರ್ಥ, ಆ ಶಾಟೇ ಸರಿ ಇಲ್ಲ, ಅಥವಾ ಆ ಶಾಟ್ ಬಗ್ಗೆ ತನಗೇ ಇನ್ನೂ ಅರ್ಥ ಆಗಿಲ್ಲ. ಸೆಕೆಂಡಿನ 24ನೇ ಒಂದು ಭಾಗ ಸ್ವಾಮಿ, ಬೆರಳಿಗೆ ಗೊತ್ತಿರುತ್ತೆ ತಲೆಗೆ ಗೊತ್ತಿರಲ್ಲ. ಈ ಪರೀಕ್ಷೆ ನನಗೆ ಯಾಕೆ ಇಷ್ಟ ಅಂದ್ರೆ, ಅಂತಃಸ್ಫುರಣೆಯನ್ನ ಪೂಜೆನೂ ಮಾಡಲ್ಲ, ಬೈಯೋದೂ ಇಲ್ಲ, ಎರಡನೇ ಸಲ ಬಾ ನೋಡೋಣ ಅನ್ನುತ್ತೆ ಅಷ್ಟೇ.

ಸರಿ, ಬೆರಳಿಗೆ ಗೊತ್ತಾಗಿದ್ದು ಎಲ್ಲಿಂದ? ಮನುಷ್ಯರು ಯೋಚಿಸೋ ರೀತಿಯನ್ನ ಅಧ್ಯಯನ ಮಾಡಿದ ಹರ್ಬರ್ಟ್ ಸೈಮನ್ ಇದನ್ನ ಚೆಸ್ ಆಡೋರ ಮೇಲೆ ನೋಡಿ ಖಡಕ್ಕಾಗಿ ಹೇಳಿದ, ಅಂತಃಸ್ಫುರಣೆ ಅಂದ್ರೆ ಗುರುತು ಹಿಡಿಯೋದು, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆನೂ ಇಲ್ಲ ಅಂತ. ಪಳಗಿದ ಆಟಗಾರನಿಗೆ ಬೋರ್ಡನ್ನ ಐದು ಸೆಕೆಂಡ್ ತೋರಿಸಿದ್ರೆ ಸಾಕು, ಬಹುತೇಕ ಕಾಯಿಗಳನ್ನ ಅದೇ ಜಾಗದಲ್ಲಿ ಮತ್ತೆ ಇಡ್ತಾನೆ, ಆದ್ರೆ ಕಾಯಿಗಳನ್ನ ಮನಸ್ಸಿಗೆ ಬಂದ ಹಾಗೆ ಚೆಲ್ಲಿ ತೋರಿಸಿದ್ರೆ ಅವನೂ ಹೆಚ್ಚುಕಮ್ಮಿ ನಮ್ಮ ಥರನೇ ತಡವರಿಸ್ತಾನೆ. ನೆನಪಿನ ಶಕ್ತಿ ಅಲ್ಲ, ನೋಡಿ ನೋಡಿ ಮನಸ್ಸಿಗೆ ಇಳಿದ ಆಕಾರಗಳು. 2009ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತೆ ಗ್ಯಾರಿ ಕ್ಲೈನ್, ಒಬ್ಬರು ಅಂತಃಸ್ಫುರಣೆಯನ್ನ ನಂಬದವರು ಇನ್ನೊಬ್ಬರು ನಂಬಿದವರು, ಕೂತು ಚರ್ಚೆ ಮಾಡಿ ಜಗಳ ಮುಗಿಸಿ ಒಂದು ಲೇಖನ ಬರೆದ್ರು. ಒಪ್ಪಿದ್ದು ಎರಡು ಷರತ್ತಿಗೆ. ಆ ಕೆಲಸದ ಲೋಕದಲ್ಲಿ ಒಂದು ಕ್ರಮ ಇರ್ಬೇಕು, ಮತ್ತೆ ಮಾಡಿದ್ದು ಸರಿನೋ ತಪ್ಪೋ ಅಂತ ತಿರುಗಿ ಗೊತ್ತಾಗ್ತಾ ಕಲಿಯೋಕೆ ಅವಕಾಶ ಇರ್ಬೇಕು. ಇವೆರಡು ಇಲ್ಲದ ಕಡೆ ‘ನನ್ನ ಮನಸ್ಸು ಹೇಳ್ತಿದೆ’ ಅನ್ನೋದು ಬರೀ ಆತ್ಮವಿಶ್ವಾಸ.

ಇದನ್ನ ಕಲೆಗೆ ಹಚ್ಚಿ ನೋಡಿದ್ರೆ ಒಂದು ತೊಡಕಿದೆ, ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ಎಲ್ಲ ಕಲೆಗೂ ಫೀಡ್‌ಬ್ಯಾಕ್ ಒಂದೇ ವೇಗದಲ್ಲಿ ಬರಲ್ಲ. ವಯೊಲಿನ್ ಮೇಲೆ ಬೆರಳು ಒಂದು ಎಳೆ ಜಾರಿದ್ರೂ ಆ ಕ್ಷಣವೇ ಕಿವಿಗೆ ಚುಚ್ಚುತ್ತೆ. ತಿಗರಿ ಮೇಲಿನ ಮಣ್ಣು ವಾಲಿದ್ರೆ ಅಂಗೈಗೇ ಗೊತ್ತಾಗುತ್ತೆ. ನಗೆಹನಿ ಹೇಳೋನಿಗೆ ಎರಡು ಸೆಕೆಂಡು, ನಕ್ಕರೋ ಇಲ್ವೋ. ಕಾದಂಬರಿ ಬರೆಯೋರಿಗೆ? ಮೂರು ವರ್ಷ ಬರೆದು, ಆಮೇಲೆ ಅಚ್ಚಾಗಿ, ಆಮೇಲೆ ಯಾರೋ ‘ಚೆನ್ನಾಗಿದೆ’ ಅಂತಾರೆ, ಅದು ಪುಸ್ತಕಕ್ಕೆ ಹೇಳಿದ್ದೋ ಮುಲಾಜಿಗೆ ಹೇಳಿದ್ದೋ ಗೊತ್ತಾಗಲ್ಲ. ಅದಕ್ಕೇ ಸಂಗೀತಗಾರರ ಅಂತಃಸ್ಫುರಣೆಯನ್ನ ನಾನು ಕಣ್ಣು ಮುಚ್ಚಿ ನಂಬ್ತೀನಿ, ಬರಹಗಾರರದ್ದನ್ನ, ನಂದೂ ಸೇರಿ, ಸ್ವಲ್ಪ ಅನುಮಾನದಿಂದಲೇ ನೋಡ್ತೀನಿ. ಬರಹಗಾರರು ಇದಕ್ಕೆ ಮಾಡ್ಕೊಂಡಿರೋ ಹಳೇ ಉಪಾಯ ಅಂದ್ರೆ ಜೋರಾಗಿ ಓದಿ ನೋಡೋದು, ಅಂದ್ರೆ ನಿಧಾನದ ಕಲೆಯನ್ನ ಬಲವಂತವಾಗಿ ಕಿವಿಯ ಹತ್ರ ಎಳ್ಕೊಂಡು ಬರೋದು.

ವಾಸ್ತುಶಿಲ್ಪದವರ ಪಾಡಂತೂ ಬೇಡ. ಸಿಡ್ನಿ ಒಪೆರಾ ಹೌಸಿಗೆ ಯೋರ್ನ್ ಉಟ್ಸನ್ 1957ರಲ್ಲಿ ಸ್ಪರ್ಧೆ ಗೆದ್ದಾಗ ಹಾಯಿಗಳ ಥರದ ಆ ಚಿಪ್ಪುಗಳ ಸ್ಕೆಚ್ ಇತ್ತು, ಜ್ಯಾಮಿತಿ ಇರಲಿಲ್ಲ. ಕೈ ಬರೆದಿದ್ದನ್ನ ಕಟ್ಟೋದು ಹೇಗೆ ಅಂತ ಎಂಜಿನಿಯರ್‌ಗಳ ಜೊತೆ ವರ್ಷಗಟ್ಟಲೆ ಗುದ್ದಾಡಿ, ಒಂದೊಂದು ಆಕಾರ ಹಾಕಿ ಬಿಟ್ಟು, 1961ರಲ್ಲಿ ಸಿಕ್ಕ ಉತ್ತರ ಎಷ್ಟು ಸರಳ ಅಂದ್ರೆ ನಗು ಬರುತ್ತೆ, ಎಲ್ಲ ಚಿಪ್ಪುಗಳನ್ನೂ ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಗೋಳದಿಂದ ಕತ್ತರಿಸಿ ತೆಗೆದ್ರೆ ಆಯ್ತು. ಕಟ್ಟಡ ಮುಗಿಯೋಕೆ 1973 ಆಯ್ತು, 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂತ ಅಂದಾಜಿದ್ದದ್ದು 10 ಕೋಟಿ 20 ಲಕ್ಷಕ್ಕೆ ಹೋಯ್ತು, ಉಟ್ಸನ್ 1966ರಲ್ಲೇ ಬಿಟ್ಟು ಹೊರಟುಹೋಗಿದ್ದ. ಅಂತಃಸ್ಫುರಣೆ ಸರಿಯಾಗೇ ಇತ್ತು ಅಂತ ಈಗ ಜಗತ್ತೇ ಹೇಳುತ್ತೆ, ಆದ್ರೆ ಅದು ಸರಿ ಅಂತ ಗೊತ್ತಾಗೋವರೆಗಿನ ಬಿಲ್ಲು ಬೇರೆಯವರು ಕಟ್ಟಿದ್ರು.

ಇಂಪ್ರೊವೈಸೇಷನ್ ಕಥೆ ಬೇರೆ ಅಲ್ವಾ, ಅಲ್ಲಿ ಅಳಿಸೋಕೆ ಟೈಮೇ ಇಲ್ವಲ್ಲ ಅಂತ ನೀವು ಕೇಳಬಹುದು, ಕೇಳ್ಬೇಕು ಕೂಡ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತೆ ಆಲನ್ ಬ್ರಾನ್ ಆರು ಜನ ಜಾಝ್ ಪಿಯಾನೋ ವಾದಕರನ್ನ ಸ್ಕ್ಯಾನರ್ ಒಳಗೆ ಮಲಗಿಸಿ ಚಿಕ್ಕ ಕೀಬೋರ್ಡ್ ಕೊಟ್ಟು ನುಡಿಸೋಕೆ ಹೇಳಿದ್ರು. ಬಾಯಿಪಾಠದ ತುಣುಕು ನುಡಿಸೋದಕ್ಕೂ ಮನೋಧರ್ಮದಿಂದ ಬೆಳೆಸೋದಕ್ಕೂ ವ್ಯತ್ಯಾಸ ಕಾಣಿಸ್ತು, ಬೆಳೆಸುವಾಗ ತನ್ನನ್ನ ತಾನೇ ಕಾವಲು ಕಾಯೋ ಕೆಲಸಕ್ಕೆ ಸಂಬಂಧಪಟ್ಟ ಮಿದುಳಿನ ಮುಂಭಾಗದ ಹೊರ ಅಂಚು ತಣ್ಣಗಾಗಿತ್ತು. ಕಾವಲುಗಾರ ಮಲಗಿದ ಅಂತ ಸುದ್ದಿ ಆಯ್ತು. ಆರೇ ಜನ, ಅದನ್ನ ಮರೀಬಾರದು, ಆದ್ರೂ ತಳ್ಳಿಹಾಕೋ ಮಾತಲ್ಲ. ನನ್ನ ಓದು ಏನಂದ್ರೆ, ಆ ಆರೂ ಜನ ವೃತ್ತಿಯಲ್ಲಿ ಪಳಗಿದವರು, ಅವರ ‘ಇದಲ್ಲ’ಗಳೆಲ್ಲ ಮುಂಚೆನೇ, ಸಾವಿರಾರು ಗಂಟೆ ಒಂಟಿಯಾಗಿ ಕೂತು ಅಭ್ಯಾಸ ಮಾಡುವಾಗಲೇ ಮುಗಿದು ಬೆರಳಿಗೆ ಸೇರಿಹೋಗಿವೆ. ಕಾವಲುಗಾರ ಮಲಗಬಹುದು, ಯಾಕಂದ್ರೆ ಕಳ್ಳದಾರಿಗಳನ್ನೆಲ್ಲ ಹಗಲಲ್ಲೇ ಮುಚ್ಚಿ ಆಗಿದೆ.

ಆದ್ರೆ ಇಲ್ಲೇ ನನ್ನ ವಾದಕ್ಕೆ ಒಂದು ಪೆಟ್ಟೂ ಇದೆ. ಬೆರಳಿಗೆ ಸೇರಿದ್ದು ಅಭ್ಯಾಸ ಆದ್ರೆ, ಅಭ್ಯಾಸಬಲಕ್ಕೂ ಅಂತಃಸ್ಫುರಣೆಗೂ ವ್ಯತ್ಯಾಸ ಹೇಳೋದು ಹೇಗೆ? ಎರಡೂ ಒಳಗಿಂದಲೇ ಬರುತ್ತೆ, ಎರಡೂ ‘ಸರಿ’ ಅಂತಲೇ ಅನ್ಸುತ್ತೆ. ಅಮೆರಿಕದ ಸಂಗೀತ ರಚನೆಕಾರ ಜಾನ್ ಕೇಜ್‌ಗೆ ಈ ಅನುಮಾನ ಎಷ್ಟು ಬಲವಾಗಿತ್ತು ಅಂದ್ರೆ 1951ರ ‘ಮ್ಯೂಸಿಕ್ ಆಫ್ ಚೇಂಜಸ್’ನಲ್ಲಿ ಸ್ವರ, ಕಾಲ, ಜೋರು ಎಲ್ಲವನ್ನೂ ನಾಣ್ಯ ಹಾರಿಸಿ ಐ ಚಿಂಗ್ (ಚೀನಾದ ಹಳೇ ಶಕುನದ ಗ್ರಂಥ) ಕೋಷ್ಟಕ ನೋಡಿ ನಿರ್ಧಾರ ಮಾಡಿದ, ತನ್ನ ಇಷ್ಟಾನಿಷ್ಟಗಳಿಂದ ತಪ್ಪಿಸ್ಕೊಳ್ಳೋಕೆ. ನೃತ್ಯದಲ್ಲಿ ಮರ್ಸ್ ಕನಿಂಗ್‌ಹ್ಯಾಮ್‌ದೂ ಅದೇ ದಾರಿ, ಮುಂದಿನ ಚಲನೆ ಯಾವುದು ಅಂತ ನಾಣ್ಯ ಹೇಳಲಿ, ಮೈ ತನಗೆ ರೂಢಿ ಇಲ್ಲದ್ದನ್ನ ಮಾಡೋದು ಕಲೀಲಿ ಅಂತ. ಇವರು ಮೂರ್ಖರಲ್ಲ, ಮನಸ್ಸು ಹೇಳಿದ ಹಾಗೆ ಮಾಡ್ತಾ ಹೋದ್ರೆ ಹತ್ತು ವರ್ಷದಲ್ಲಿ ನಮ್ಮದೇ ನಕಲಿ ಆಗಿಬಿಡ್ತೀವಿ ಅಂತ ಅವರಿಗೆ ಗೊತ್ತಿತ್ತು. ನನಗೂ ಇದರ ಸಣ್ಣ ಅನುಭವ ಇದೆ. ನಾನು ಬರೆಯೋ ಕಥೆಗಳು ಮುಗಿಯೋ ಹೊತ್ತಿಗೆ ಯಾವಾಗಲೂ ಯಾರೋ ಒಬ್ಬರು ಕಿಟಕಿಯಿಂದ ಹೊರಗೆ ನೋಡ್ತಿರ್ತಾರೆ. ಪ್ರತಿ ಸಲ ಅದು ತಾನಾಗೇ ಬಂದಿದ್ದು ಅಂತ ಖುಷಿಪಟ್ಟಿದೀನಿ. ಏಳೆಂಟು ಕಥೆ ಒಟ್ಟಿಗೆ ಓದಿದ ಗೆಳತಿ ಒಬ್ಬಳು ‘ನಿನ್ನ ಕಥೇಲಿ ಬಾಗಿಲಿಂದ ಯಾರೂ ಹೊರಗೆ ಹೋಗೋದೇ ಇಲ್ವಲ್ಲೋ, ಎಲ್ಲ ಕಿಟಕಿ ಹತ್ರನೇ ನಿಂತಿರ್ತಾರೆ’ ಅಂದಾಗಲೇ ಗೊತ್ತಾಗಿದ್ದು, ಅದು ಹೊಳಹಲ್ಲ, ಚಟ. ಒಂದು ಮಟ್ಟಿಗಿನ ಗುರುತು ನನಗೆ ಸಿಕ್ಕಿರೋದು ಇಷ್ಟೇ, ಚಟ ಯಾವತ್ತೂ ‘ಹೂಂ, ಆಯ್ತು’ ಅನ್ನುತ್ತೆ, ಕೆಲಸ ಮುಗಿಸೋ ಆತುರ ಅದಕ್ಕೆ. ಕಿರಿಕಿರಿ ಮಾಡೋ ದನಿ ಬೇರೆ. ಕೇಜ್ ಕೂಡ ನಾಣ್ಯಕ್ಕೆ ಯಾವ ಪ್ರಶ್ನೆ ಕೇಳ್ಬೇಕು ಅನ್ನೋದನ್ನ ನಾಣ್ಯದ ಕೈಗೆ ಕೊಡ್ಲಿಲ್ಲ ಅನ್ನೋದು ಬೇರೆ ಮಾತು.

ಈಗ ಮೆಷಿನ್ನಿಗೆ ಬರೋಣ. ಮೆಷಿನ್ನಿಗೂ ಅಂತಃಸ್ಫುರಣೆ ಇದೆ ಅನ್ನೋರು ತೋರಿಸೋದು 2016ರ ಮಾರ್ಚಿನ ಗೋ ಪಂದ್ಯ, ಗೋ ಅಂದ್ರೆ ಚೆಸ್ ಥರ ಇಬ್ಬರು ಆಡೋ ಹಳೇ ಬೋರ್ಡ್ ಆಟ. ಕೊರಿಯಾದ ಚಾಂಪಿಯನ್ ಲೀ ಸೆಡೋಲ್ ವಿರುದ್ಧ ಎರಡನೇ ಆಟದಲ್ಲಿ ಆಲ್ಫಾಗೋ ಅನ್ನೋ ಎಐ ಪ್ರೋಗ್ರಾಮ್ ಇಟ್ಟ 37ನೇ ನಡೆ ನೋಡಿ ಕಾಮೆಂಟರಿಯವರು ಮೊದಲು ತಪ್ಪು ಕ್ಲಿಕ್ ಆಗಿರ್ಬೇಕು ಅನ್ನೋ ಥರ ಗಲಿಬಿಲಿ ಆದ್ರು, ಮನುಷ್ಯರು ಆ ನಡೆ ಇಡೋ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು ಅಂತ ಪ್ರೋಗ್ರಾಮಿನ ಲೆಕ್ಕವೇ ಹೇಳ್ತಿತ್ತು, ಆ ನಡೆಯೇ ಆಟಕ್ಕೆ ಜೀವಾಳ ಆಯ್ತು. ಒಪ್ತೀನಿ, ಸೈಮನ್ ಹೇಳಿದ ಅರ್ಥದಲ್ಲಿ ಅದು ಅಂತಃಸ್ಫುರಣೆಯೇ, ಅನುಮಾನ ಬೇಡ. ಆದ್ರೆ ಗೋ ಆಟದಲ್ಲಿ ಕೊನೆಗೆ ಗೆಲುವು ಸೋಲು ಅಂತ ಒಂದಿದೆ. ಲಕ್ಷಾಂತರ ಸಲ ತನ್ನ ಜೊತೆ ತಾನೇ ಆಡಿ ಪ್ರತಿ ಸಲ ಸರಿ ತಪ್ಪು ಗೊತ್ತಾಗೋ ಲೋಕ ಅದು, ಕಾನೆಮನ್ ಕ್ಲೈನ್ ಷರತ್ತು ಎರಡೂ ಪೂರ್ತಿ ಈಡೇರುತ್ತೆ. ಮಾತಿಸನ ಕ್ಯಾನ್ವಾಸ್ ಮೇಲೆ ತೋಳು ಅಂಚು ಮುಟ್ಟಿದ್ರೆ ಗೆಲುವೋ ಮುಟ್ಟದಿದ್ರೆ ಗೆಲುವೋ ಅಂತ ಯಾರು ಹೇಳ್ತಾರೆ?

ಇನ್ನೊಂದು ಕಡೆ ನನ್ನ ವಾದವನ್ನೇ ಹಿಡ್ಕೊಂಡು ಯಾರಾದ್ರೂ ಕೇಳಬಹುದು. ಬೇಡ ಅನ್ನೋದೇ ಅಂತಃಸ್ಫುರಣೆ ಆದ್ರೆ, ಎಐ ಕೊಟ್ಟ ಚಿತ್ರಗಳನ್ನ ಬೇಡ ಬೇಡ ಅಂತ ತಳ್ಳಿ ಒಂದು ಆರಿಸಿದವನೂ ಕಲಾವಿದನೇ ಅಲ್ವಾ? 2022ರಲ್ಲಿ ಅಮೆರಿಕದ ಕೊಲೊರಾಡೊ ಸ್ಟೇಟ್ ಫೇರಲ್ಲಿ ಡಿಜಿಟಲ್ ಕಲೆ ವಿಭಾಗದ ಬಹುಮಾನ ಗೆದ್ದ ಜೇಸನ್ ಅಲೆನ್ ಹೇಳಿದ್ದು ಇದೇ, ಎಐಯಿಂದ ತೆಗೆಸಿದ ಆ ಚಿತ್ರಕ್ಕೆ ಕಡಿಮೆ ಅಂದ್ರೂ 624 ಸಲ ಪ್ರಾಂಪ್ಟ್ (ಏನು ಬೇಕು ಅಂತ ಟೈಪ್ ಮಾಡೋ ಮಾತು) ಕೊಟ್ಟು ತಿದ್ದಿದೀನಿ ಅಂತ. ಅಲ್ಲಿನ ಕಾಪಿರೈಟ್ ಆಫೀಸು 2023ರಲ್ಲಿ ಇದಕ್ಕೆ ಕಾಪಿರೈಟ್ ಕೊಡಕ್ಕಾಗಲ್ಲ ಅಂತು. ಅದೇ ವರ್ಷ ಎಐ ಚಿತ್ರಗಳಿರೋ ಒಂದು ಕಾಮಿಕ್ ಪುಸ್ತಕದ ವಿಷಯದಲ್ಲಿ ಮಾತು ಮತ್ತೆ ಜೋಡಣೆ ಬರೆದವರದ್ದು, ಬಿಡಿ ಚಿತ್ರಗಳು ಅಲ್ಲ ಅಂತು. 2025ರ ಜನವರಿ ವರದಿಯಲ್ಲೂ ಪ್ರಾಂಪ್ಟ್ ಒಂದರಿಂದಲೇ ಬೇಕಾದಷ್ಟು ಹಿಡಿತ ಸಿಗಲ್ಲ ಅನ್ನೋ ನಿಲುವೇ ಇದೆ. ಕಾನೂನಿನವರು ಇಲ್ಲಿ ಮುಗ್ಗರಿಸ್ತಾರೆ ಅಂತ ಅಂದ್ಕೊಂಡಿದ್ದೆ, ಹಿಡಿತ ಅನ್ನೋ ಪದ ಹಿಡಿದು ಹೆಚ್ಚುಕಮ್ಮಿ ಸರಿ ಜಾಗಕ್ಕೇ ಬಂದಿದಾರೆ.

ಹಂಗಂದ್ರೆ ಫೋಟೋಗ್ರಫಿ? ರಾಬರ್ಟ್ ಫ್ರಾಂಕ್ ಅಮೆರಿಕ ಸುತ್ತಿ ಸುಮಾರು 27 ಸಾವಿರ ಫ್ರೇಮ್ ತೆಗೆದು ಪುಸ್ತಕಕ್ಕೆ ಇಟ್ಕೊಂಡಿದ್ದು 83. ಅದೂ ಆಯ್ಕೆಯೇ ತಾನೆ. ಆದ್ರೆ ಆ ಬಿಟ್ಟುಬಿಟ್ಟ ಒಂದೊಂದು ಫ್ರೇಮಲ್ಲೂ ಆತ ಎಲ್ಲೋ ನಿಂತಿದ್ದ, ಒಂದು ಹೆಜ್ಜೆ ಹಿಂದೆ ಹೋಗಿದ್ದ, ಕ್ಯಾಮೆರಾ ತಗ್ಗಿಸಿದ್ದ. ಒಂದು ರೋಲಿನ ‘ಇದಲ್ಲ’ ಮುಂದಿನ ರೋಲಿನ ಹೊತ್ತಿಗೆ ಕಾಲಿಗೆ ಇಳಿದಿರುತ್ತೆ. ಪಿನ್ ಕಿತ್ತ ಕೈಗೆ ಮುಂದಿನ ಜಾಗ ಗೊತ್ತಿರುತ್ತೆ ಅಂದೆನಲ್ಲ ಆಗ, ಅದು ಇದು. ಪ್ರಾಂಪ್ಟಲ್ಲಿ ನನ್ನ ಬೇಡಕ್ಕೂ ಮುಂದೆ ಬರೋದಕ್ಕೂ ನಡುವೆ ಅಂಥ ದಾರ ಇಲ್ಲ, ಅಥವಾ ತುಂಬ ಸಡಿಲ. ‘ಅದ್ಯಾಕೋ’ ಅನ್ನೋದನ್ನ ಅದು ತಗೊಳ್ಳಲ್ಲ, ಯಾಕೆ ಅಂತ ಟೈಪ್ ಮಾಡು ಅನ್ನುತ್ತೆ. ಯಾಕೆ ಅಂತ ಗೊತ್ತಿದ್ದಿದ್ರೆ ಅದು ಅಂತಃಸ್ಫುರಣೆಯೇ ಆಗ್ತಿರಲಿಲ್ಲ. ನಾಳೆ ಬೇರೆ ಥರದ ಟೂಲ್ ಬಂದು, ಕೈಯಿಂದ ಎಳೆದು ಒತ್ತಿ ತಿದ್ದೋ ಹಾಗಾದ್ರೆ ನಾನು ಈ ಮಾತು ವಾಪಸ್ ತಗೋತೀನಿ, ಈಗಲೇ ಒಂದಷ್ಟು ಆ ಕಡೆ ಹೋಗ್ತಿವೆ. ಹೆಚ್ಚು ಯೋಚ್ನೆ ಆಗೋದು ಹೊಸದಾಗಿ ಕಲಿಯೋರ ಬಗ್ಗೆ. ಪಳಗಿದವರು ಹಳೇ ಜರಡಿ ತಗೊಂಡು ಬಂದು ಮೆಷಿನ್ ಮುಂದೆ ಕೂರ್ತಾರೆ, ಅವರಿಗೆ ನಡೆಯುತ್ತೆ. ಜರಡಿ ಹೆಣೆಯೋ ವರ್ಷಗಳನ್ನೇ ಮೆಷಿನ್ನಿಗೆ ಕೊಟ್ಟವರು ನಾಲ್ಕು ಚಿತ್ರದಲ್ಲಿ ಯಾವುದು ಅಂತ ಆರಿಸೋದು ಯಾವುದರಿಂದ?

ಇದನ್ನೆಲ್ಲ ಬರೀಬೇಕು ಅಂತ ಹೋದ ವಾರ ನಾನೂ ಒಂದು ಟೂಲ್ ತೆಗೆದು ಕೂತೆ. ಕಿಟಕಿ ಹತ್ರ (ಹೌದು, ಮತ್ತೆ ಕಿಟಕಿ) ಕೂತು ಪತ್ರ ಓದ್ತಿರೋ ಮುದುಕಿ ಅಂತ ಕೇಳಿದೆ. ನಾಲ್ಕು ಚಿತ್ರ ಬಂತು, ಬೆಳಕು ಸೂಪರ್, ಸುಕ್ಕು ಸೂಪರ್, ಅದ್ಯಾಕೋ ಸರಿ ಬರ್ತಿಲ್ಲ. ದುಃಖ ಜಾಸ್ತಿ ಮಾಡು ಅಂದೆ, ಕಣ್ಣಲ್ಲಿ ನೀರು ಬಂತು. ಬೇಡ ಕಡಿಮೆ ಮಾಡು ಅಂದೆ, ಮುಗುಳ್ನಗೆ ಬಂತು. ಒಂದು ಮೂವತ್ತು ಚಿತ್ರ ಆದಮೇಲೆ ಕಣ್ಣು ಮಂಜಾಯ್ತು, ಯಾವುದು ಇಷ್ಟ ಯಾವುದು ಇಷ್ಟ ಇಲ್ಲ ಅನ್ನೋದೇ ಗೊತ್ತಾಗದ ಸ್ಥಿತಿ. ಆಮೇಲೆ ಸ್ಕ್ರೀನ್ ಮುಚ್ಚಿ ಪೆನ್ಸಿಲ್ ತಗೊಂಡೆ, ನನಗೆ ಡ್ರಾಯಿಂಗ್ ಬರಲ್ಲ, ಸ್ಕೂಲ್ ಮಗು ಥರ ಬರೀತೀನಿ, ಬರೆದೆ, ಅಳಿಸಿದೆ, ಒಂದು ಕಡೆ ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೆಳ್ಳಗಾಗಿ ಪುರುಪುರು ಎದ್ದಿತ್ತು. ಸುಮ್ನೆ ಆ ಜಾಗ ನೋಡಿದೆ. ಕಣ್ಣಲ್ಲ, ಬಾಯಲ್ಲ, ಭುಜ. ಪತ್ರ ಹಿಡಿದ ಕಡೆಯ ಭುಜ. ಆ ಮೂವತ್ತೂ ಚಿತ್ರದಲ್ಲಿ ಮುದುಕಿ ಪತ್ರವನ್ನ ನಾವು ನೋಡಲಿ ಅಂತ ಹಿಡಿದಿದ್ಲು.